ಅಂಚೆ ಲಕೋಟೆಯಿಂದ ಆನ್‌ಲೈನ್ ಕಾಲೇಜಿನ ತನಕ: ಬಾಗಿಲು ಯಾರಿಗೆ ತೆರೀತು?



ಸ್ವಲ್ಪ ಉದ್ದದ ಬರಹ ಇದು. ಪುರುಸೊತ್ತು ಮಾಡ್ಕೊಂಡು ಓದಿ. ಮನೇಲಿ ಪಿಯುಸಿ ಮುಗಿಸಿದ ಮಕ್ಕಳಿದ್ರೆ ಅವರಿಗೂ ಓದಿಸಿ.

ಹೋದ ಭಾನುವಾರ ನಮ್ಮ ಕೇರಿಯ ಹುಡುಗಿಯೊಬ್ಬಳು ಮನೆಗೆ ಬಂದಿದ್ದಳು. ಪಿಯುಸಿ ಪಾಸಾಗಿ ಎರಡು ವರ್ಷ ಆಯ್ತು. ಗಾರ್ಮೆಂಟ್ಸ್‌ಗೆ ಹೋಗ್ತಾಳೆ. ಮೊಬೈಲ್ ತೆಗೆದು ಒಂದು ಜಾಹೀರಾತು ತೋರಿಸಿದಳು. ಮನೆಯಲ್ಲೇ ಕೂತು ಡಿಗ್ರಿ ಮಾಡಿ, ಕಂತಿನಲ್ಲಿ ಫೀಸು ಕಟ್ಟಿ ಅಂತ ಅದರಲ್ಲಿತ್ತು.

“ಮಾಮ, ಇದಕ್ಕೆ ಸೇರ್ಕೋಬೋದಾ? ಕೆಲಸ ಬಿಡಂಗಿಲ್ಲ, ಗೊತ್ತಲ್ಲ ನಿಮಗೆ.”

‘ಬೇಡ ಕಣವ್ವ’ ಅನ್ನೋಕೆ ನನಗೆ ಬಾಯಿ ಬರಲಿಲ್ಲ. ಯಾಕಂದ್ರೆ ನನ್ನ ಬಿಎ ಆಗಿದ್ದೂ ಹಂಗೇ, ಕಾಲೇಜಿನ ಮೆಟ್ಟಿಲು ಹತ್ತದೆ. ‘ಸೇರ್ಕೋ’ ಅನ್ನೋಕೂ ಬಾಯಿ ಬರಲಿಲ್ಲ. ನಮ್ಮೂರಿನದೇ ಒಬ್ಬ ಹುಡುಗ ಪಕ್ಕದ ಟೌನಿನಲ್ಲಿ ಮೊಬೈಲ್ ಅಂಗಡಿ ಮಹಡಿ ಮೇಲಿದ್ದ ಒಂದು ‘ಸೆಂಟರ್’ಗೆ ಮೂರು ವರ್ಷ ದುಡ್ಡು ಕಟ್ಟಿದ್ದ. ಕೊನೆಗೆ ಕೆಲಸಕ್ಕೆ ಸರ್ಟಿಫಿಕೇಟ್ ಕೊಟ್ಟಾಗ ಪರಿಶೀಲನೆಯಲ್ಲಿ ಅದು ನಿಲ್ಲಲಿಲ್ಲ. ಸೆಂಟರಿಗೆ ಬೀಗ ಬಿದ್ದಿತ್ತು. ಅವರಪ್ಪ ಆ ಫೀಸಿಗೆ ಅಂತ ಎರಡು ಹಸು ಮಾರಿದ್ದ.

ಹಾಗಾಗಿ ಅವಳ ಹತ್ರ ಒಂದು ವಾರ ಟೈಮ್ ತಗೊಂಡೆ. ನಾನು ಓದಿದ್ದು, ನೋಡಿದ್ದು, ಆಫೀಸಿನಲ್ಲಿ ಸುತ್ತೋಲೆಗಳನ್ನು ಓದಿ ಓದಿ ತಿಳ್ಕೊಂಡಿದ್ದು ಎಲ್ಲ ಸೇರಿಸಿ ಬರೀತಿದೀನಿ. ದೂರದಿಂದ ಕಲಿಸೋ ಕಾಲೇಜಿನ ಇತಿಹಾಸವನ್ನ ನಮ್ಮ ಕೇರಿಯ ಕಡೆಯಿಂದ ನೋಡಿದ್ರೆ ಹೆಂಗೆ ಕಾಣುತ್ತೆ ಅನ್ನೋದು ಇದರ ವಿಷಯ.

*ಹೊತ್ತು ಬದಲಾಯಿಸಿದವರು*

ದುಡಿಯೋ ಜನಕ್ಕೆ ಓದು ಸಿಗಬೇಕು ಅಂದ್ರೆ ಶಾಲೆಯೇ ತನ್ನ ಹೊತ್ತನ್ನ ಬದಲಾಯಿಸಬೇಕು. ಈ ಮಾತನ್ನ ನಮಗೆ ಮಾಡಿ ತೋರಿಸಿದವರು ಫುಲೆ ದಂಪತಿ. 1848ರಲ್ಲಿ ಪುಣೆಯಲ್ಲಿ ಹೆಣ್ಣುಮಕ್ಕಳ ಶಾಲೆ ತೆರೆದ ಜ್ಯೋತಿಬಾ ಮತ್ತು ಸಾವಿತ್ರಿಬಾಯಿ, 1855ರಲ್ಲಿ ಕೂಲಿಕಾರರಿಗೆ, ರೈತರಿಗೆ ರಾತ್ರಿ ಶಾಲೆ ಶುರು ಮಾಡಿದರು. ಹಗಲು ದುಡಿಮೆ, ರಾತ್ರಿ ಓದು.

ಆಮೇಲೆ ಬಾಬಾಸಾಹೇಬರು. 1945ರಲ್ಲಿ ಪೀಪಲ್ಸ್ ಎಜುಕೇಶನ್ ಸೊಸೈಟಿ ಕಟ್ಟಿ, 1946ರಲ್ಲಿ ಮುಂಬೈಯಲ್ಲಿ ಸಿದ್ಧಾರ್ಥ ಕಾಲೇಜು ತೆರೆದರು. ಅಲ್ಲಿ ತರಗತಿ ಬೆಳಿಗ್ಗೆ ಹೊತ್ತು. ಪಾಠ ಮುಗಿಸಿ ಹುಡುಗರು ಕೆಲಸಕ್ಕೆ ಹೋಗಬಹುದು. ಆಫೀಸಿನ ಗುಮಾಸ್ತನಾಗಿ ನನಗೆ ಇದು ತುಂಬ ದೊಡ್ಡ ವಿಷಯ ಅನ್ಸುತ್ತೆ. ಸಂವಿಧಾನ ಬರೆಯೋ ಮುಂಚೆಯೇ ಆ ಮಹಾನುಭಾವ, ಹತ್ತು ಗಂಟೆಗೆ ಹಾಜರಿ ಹಾಕಬೇಕಾದವನ ಬಗ್ಗೆ ಯೋಚನೆ ಮಾಡಿದ್ದರು.

ಇವರಿಬ್ಬರೂ ಹೊತ್ತು ಮಾತ್ರ ಬದಲಾಯಿಸಿದರು, ಮೇಷ್ಟ್ರನ್ನ ತೆಗೆದು ಹಾಕಲಿಲ್ಲ. ಎದುರಿಗೆ ಒಬ್ಬ ಮೇಷ್ಟ್ರು, ಪಕ್ಕದಲ್ಲಿ ಒಬ್ಬ ಜೊತೆಗಾರ ಇದ್ದೇ ಇದ್ದರು. ಇದನ್ನ ನೆನಪಿಟ್ಕೊಳ್ಳಿ, ಮುಂದೆ ಬೇಕಾಗುತ್ತೆ.

*ಅಂಚೆ ತೆರಪಿನ ಕಾಲ*

1962ರಲ್ಲಿ ದೆಹಲಿ ವಿಶ್ವವಿದ್ಯಾಲಯ ಅಂಚೆಯ ಮೂಲಕ ಪದವಿ ಶಿಕ್ಷಣ ಶುರು ಮಾಡಿತು. 1964ರಿಂದ 66ರ ತನಕ ಕೂತ ಕೊಠಾರಿ ಆಯೋಗವೂ ಅಂಚೆ ಶಿಕ್ಷಣ ಹೆಚ್ಚಬೇಕು ಅಂದಿತು. 1969ರಲ್ಲಿ ಮೈಸೂರು ವಿಶ್ವವಿದ್ಯಾಲಯ ನಮ್ಮಲ್ಲೂ ಅದನ್ನ ತಂದಿತು. ನಮ್ಮ ಹಿರಿಯರು ಅದನ್ನ ‘ಅಂಚೆ ತೆರಪಿನ ಶಿಕ್ಷಣ’ ಅಂತಿದ್ರು. ‘ತೆರಪು’ ಅಂದ್ರೆ ಬಿಡುವು. ಬಿಡುವಿದ್ದಾಗ ಅಂಚೆಯಲ್ಲಿ ಬಂದ ಪಾಠ ಓದೋದು. ಇಂಗ್ಲೆಂಡಿನ ಓಪನ್ ಯೂನಿವರ್ಸಿಟಿಗೆ ಸನ್ನದು ಸಿಕ್ಕಿದ್ದೂ ಅದೇ 1969ರಲ್ಲೇ.

1982ರಲ್ಲಿ ಹೈದರಾಬಾದಿನಲ್ಲಿ ಆಂಧ್ರಪ್ರದೇಶ ಮುಕ್ತ ವಿಶ್ವವಿದ್ಯಾಲಯ ಬಂತು, ದೇಶದ ಮೊದಲ ಮುಕ್ತ ವಿಶ್ವವಿದ್ಯಾಲಯ ಅದು. ಈಗ ಅದಕ್ಕೆ ಡಾ. ಬಿ.ಆರ್. ಅಂಬೇಡ್ಕರ್ ಹೆಸರಿದೆ. 1985ರಲ್ಲಿ ಇಗ್ನೋ ಬಂತು. ಮೈಸೂರಿನ ಅಂಚೆ ಶಿಕ್ಷಣ ಸಂಸ್ಥೆಯೇ ಬೆಳೆದು 1996ರ ಜೂನ್ 1ರಂದು ಕರ್ನಾಟಕ ರಾಜ್ಯ ಮುಕ್ತ ವಿಶ್ವವಿದ್ಯಾಲಯ ಆಯಿತು.

ಈ ದಾರಿಯಲ್ಲಿ ಬಂದವನು ನಾನು. ಅಪ್ಪ ತೀರಿಕೊಂಡ ಮೇಲೆ ಹತ್ತೊಂಬತ್ತನೇ ವಯಸ್ಸಿಗೆ ಕೆಲಸಕ್ಕೆ ಸೇರಿದೆ. ರವಾನೆ ವಿಭಾಗದಲ್ಲಿ ಕೂತು ಊರವರ ಲಕೋಟೆಗಳಿಗೆಲ್ಲ ನಂಬರ್ ಹಾಕೋನಿಗೆ, ಒಂದು ದಿನ ತನ್ನ ಹೆಸರಿಗೇ ಒಂದು ದಪ್ಪ ಕಂದು ಲಕೋಟೆ ಬಂತು. ಒಳಗೆ ಇತಿಹಾಸದ ಪುಸ್ತಕ. ಅವ್ವ ಅದನ್ನ ಮೊದಲು ಬಾಬಾಸಾಹೇಬರ ಫೋಟೋ ಮುಂದೆ ಇಟ್ಟಳು.

ಆದ್ರೆ ಪುಸ್ತಕ ಬಂದ ಮಾತ್ರಕ್ಕೆ ನಾನು ಪಾಸಾಗಲಿಲ್ಲ. ಭಾನುವಾರ ಸಂಪರ್ಕ ತರಗತಿ ಇರ್ತಿತ್ತು. ಅಲ್ಲಿ ಒಬ್ಬ ಬಸ್ ಕಂಡಕ್ಟರ್, ಒಬ್ಬ ಪೊಲೀಸ್ ಪೇದೆ, ಇಬ್ಬರು ಅಂಗನವಾಡಿ ಟೀಚರಮ್ಮಂದಿರು, ನಾನು. ಬುತ್ತಿ ಹಂಚ್ಕೊಂಡು ತಿಂದು, ಹಳೇ ಪ್ರಶ್ನೆಪತ್ರಿಕೆ ಬಿಡಿಸ್ತಿದ್ವಿ. ಊರಿಗೆ ಬಂದ್ರೆ ನಮ್ಮ ಯುವಕ ಸಂಘದ ಕೋಣೆ, ಅಲ್ಲಿ ಎಂಎ ಮಾಡಿದ್ದ ಒಬ್ಬ ಅಣ್ಣ. ಅರ್ಥಶಾಸ್ತ್ರ ಅರ್ಥ ಆಗದೆ ನಾನು ಬಿಟ್ಟುಬಿಡ್ತೀನಿ ಅಂದಾಗ ಅವರು ಬೈದು ಕೂರಿಸಿ ಹೇಳಿಕೊಟ್ಟರು. ಲಕೋಟೆಯನ್ನ ಅಂಚೆಯವನು ತಂದ. ಡಿಗ್ರಿ ತಂದಿದ್ದು ಆ ಅಣ್ಣ ಮತ್ತು ಆ ಬುತ್ತಿ ಹಂಚಿದ ಜೊತೆಗಾರರು.

*ಆಕಾಶದಿಂದ ಪಾಠ*

ಅಂಚೆ ನಿಧಾನ, ಟಿವಿ ಬೇಗ ಅನ್ನೋ ಕಾಲವೂ ಬಂತು. 1975ರ ಆಗಸ್ಟ್‌ನಿಂದ ಒಂದು ವರ್ಷ, ಅಮೆರಿಕದ ಉಪಗ್ರಹ ಬಳಸಿ ಆರು ರಾಜ್ಯಗಳ 2400 ಹಳ್ಳಿಗಳಿಗೆ ಟಿವಿ ಪಾಠ ಕೊಟ್ಟರು. ಅದಕ್ಕೆ ‘ಸೈಟ್’ ಪ್ರಯೋಗ ಅಂತ ಹೆಸರು. ನಮ್ಮ ಗುಲ್ಬರ್ಗಾ, ರಾಯಚೂರು, ಬಿಜಾಪುರ ಜಿಲ್ಲೆಗಳ ಹಳ್ಳಿಗಳೂ ಅದರಲ್ಲಿದ್ದವು. ಊರಿಗೊಂದು ಸಾರ್ವಜನಿಕ ಟಿವಿ. ಅದರ ಫೋಟೋ ನೋಡಿದಾಗಲೆಲ್ಲ ನನಗೆ ಒಂದೇ ಪ್ರಶ್ನೆ: ಈ ಗುಂಪಿನಲ್ಲಿ ಕೇರಿಯವರು ಎಲ್ಲಿ ಕೂತಿದ್ರು?

1984ರಲ್ಲಿ ಯುಜಿಸಿ ದೂರದರ್ಶನದಲ್ಲಿ ‘ಕಂಟ್ರಿವೈಡ್ ಕ್ಲಾಸ್‌ರೂಮ್’ ಶುರು ಮಾಡಿತು. ಹೆಚ್ಚಿನ ಪಾಠ ಇಂಗ್ಲಿಷಿನಲ್ಲಿ, ಅದೂ ಮಧ್ಯಾಹ್ನದ ಹೊತ್ತು. ಮಧ್ಯಾಹ್ನ ಟಿವಿ ಮುಂದೆ ಕೂರೋ ಪುರುಸೊತ್ತು, ಇಂಗ್ಲಿಷು, ಮನೇಲಿ ಟಿವಿ, ಈ ಮೂರೂ ಇದ್ದವರು ಆಗ ನಮ್ಮಲ್ಲಿ ಎಷ್ಟು ಜನ ಇದ್ರು ಹೇಳಿ.

2004ರ ಸೆಪ್ಟೆಂಬರ್ 20ರಂದು ಇಸ್ರೋ ‘ಎಜುಸ್ಯಾಟ್’ ಹಾರಿಸಿತು, ಶಿಕ್ಷಣಕ್ಕೇ ಅಂತ ಒಂದು ಉಪಗ್ರಹ. ಅದರ ಪ್ರಾಯೋಗಿಕ ಹಂತದಲ್ಲಿ ನಮ್ಮ ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯ ಇತ್ತು. 2017ರಲ್ಲಿ ‘ಸ್ವಯಂ’ ಪೋರ್ಟಲ್ ಬಂತು. ದೊಡ್ಡ ದೊಡ್ಡ ಸಂಸ್ಥೆಗಳ ಪ್ರೊಫೆಸರುಗಳ ಪಾಠ ಪುಕ್ಕಟೆ. ಒಳ್ಳೇದೇ. 2021ರ ನಿಯಮದ ಪ್ರಕಾರ ಒಂದು ಸೆಮಿಸ್ಟರಿನ ಶೇ. 40ರಷ್ಟು ಕೋರ್ಸುಗಳನ್ನ ಅಲ್ಲಿಂದಲೇ ಮಾಡಬಹುದು.

ಅಂಚೆ, ಟಿವಿ, ಉಪಗ್ರಹ, ಇಂಟರ್ನೆಟ್ಟು. ಪ್ರತಿ ಸಲವೂ ಉದ್ಘಾಟನೆ ಭಾಷಣದಲ್ಲಿ ನಮ್ಮ ಹೆಸರಿರುತ್ತೆ: ‘ಹಿಂದುಳಿದವರಿಗೆ, ಗ್ರಾಮೀಣರಿಗೆ, ದಲಿತರಿಗೆ’ ಅಂತ. ದುಡ್ಡು ಮಾತ್ರ ಕಳಿಸೋ ಕಡೆಯ ಯಂತ್ರಕ್ಕೆ ಹೋಗುತ್ತೆ. ಪಡೆಯೋ ಕಡೆ ಕೂತವನ ಪಕ್ಕ ಯಾರಿರಬೇಕು ಅನ್ನೋದು ಲೆಕ್ಕಕ್ಕೇ ಬರಲ್ಲ.

*2015: ಮೊಹರಿನ ಪಾಠ*

ನಮಗೆ ಜ್ಞಾನದಷ್ಟೇ ಮುಖ್ಯ ಮೊಹರು. ಮೇಲ್ಜಾತಿಯವನಿಗೆ ಡಿಗ್ರಿ ಇಲ್ಲದಿದ್ರೂ ಮಾವನ ಅಂಗಡಿ ಇರುತ್ತೆ, ಜಮೀನಿರುತ್ತೆ. ನಮಗಿರೋ ಆಸ್ತಿ ಆ ಒಂದು ಹಾಳೆ.

ಆ ಹಾಳೆಗೇ ಪೆಟ್ಟು ಬಿತ್ತು. 2015ರ ಜೂನ್‌ನಲ್ಲಿ ಯುಜಿಸಿ, ಕರ್ನಾಟಕ ರಾಜ್ಯ ಮುಕ್ತ ವಿಶ್ವವಿದ್ಯಾಲಯಕ್ಕೆ 2012-13ರ ನಂತರ ಮಾನ್ಯತೆ ಇಲ್ಲ ಅಂತ ಸಾರ್ವಜನಿಕ ಪ್ರಕಟಣೆ ಹೊರಡಿಸಿತು. ರಾಜ್ಯದ ಗಡಿ ದಾಟಿ, ಖಾಸಗಿ ಸಂಸ್ಥೆಗಳ ಜೊತೆ ಒಪ್ಪಂದ ಮಾಡ್ಕೊಂಡು ಕೋರ್ಸು ನಡೆಸಿದ್ದು ಅದರ ಆಕ್ಷೇಪ. ತಪ್ಪು ಆಡಳಿತದ ಮಟ್ಟದಲ್ಲಿ ಆಗಿದ್ದಿರಬಹುದು, ನಿಯಂತ್ರಕರ ಮಟ್ಟದಲ್ಲಿ ಆಗಿದ್ದಿರಬಹುದು. ಬೀದಿಗೆ ಬಿದ್ದವರು ಮಾತ್ರ ವಿದ್ಯಾರ್ಥಿಗಳು. ಫೀಸು ಕಟ್ಟಿ, ಪರೀಕ್ಷೆ ಬರೆದು, ಪಾಸಾದ ಸಾವಿರಾರು ಜನ ಇದ್ದಕ್ಕಿದ್ದಂತೆ ‘ನಿಮ್ಮ ಡಿಗ್ರಿ ನಡೆಯುತ್ತಾ’ ಅನ್ನೋ ಪ್ರಶ್ನೆ ಎದುರಿಸಿದರು. ಮೈಸೂರಿನಲ್ಲಿ ಧರಣಿ ಕೂತರು. ಮತ್ತೆ ಮಾನ್ಯತೆ ಸಿಕ್ಕಿದ್ದು 2018-19ರ ಸಾಲಿಗೆ.

ಇದೇ ಕಾರಣಕ್ಕೆ ಮುಂದಿನ ನಿಯಮ ಬಿಗಿ ಆಯಿತು. 2020ರ ಸೆಪ್ಟೆಂಬರಿನ ಯುಜಿಸಿ ನಿಯಮಾವಳಿಯಲ್ಲಿ, ಪೂರ್ತಿ ಆನ್‌ಲೈನ್ ಪದವಿ ಕೊಡಬೇಕಾದ ವಿಶ್ವವಿದ್ಯಾಲಯಕ್ಕೆ ನ್ಯಾಕ್‌ನಲ್ಲಿ 3.26 ಅಂಕ, ಇಲ್ಲವೇ ರಾಷ್ಟ್ರೀಯ ಶ್ರೇಯಾಂಕದ ಮೊದಲ ನೂರರಲ್ಲಿ ಸ್ಥಾನ ಅಂತ ಷರತ್ತು ಹಾಕಿದರು. ಫ್ರಾಂಚೈಸಿ ಕೊಡೋದು ನಿಷೇಧ. 2022ರ ಜನವರಿಯಲ್ಲಿ ಎಡ್‌ಟೆಕ್ ಕಂಪನಿಗಳ ಜೊತೆ ಫ್ರಾಂಚೈಸಿ ಮಾಡ್ಕೊಂಡು ಪದವಿ ಕೊಡೋದಕ್ಕೂ ಅವಕಾಶ ಇಲ್ಲ ಅಂತ ಎಚ್ಚರಿಸಿದರು. ಅದೇ ವರ್ಷ ಸೆಪ್ಟೆಂಬರಿನಲ್ಲಿ, ಮಾನ್ಯತೆ ಇರೋ ಸಂಸ್ಥೆಯ ಆನ್‌ಲೈನ್ ಮತ್ತು ದೂರಶಿಕ್ಷಣ ಪದವಿ, ಕಾಲೇಜಿಗೆ ಹೋಗಿ ಮಾಡಿದ ಪದವಿಗೆ ಸಮ ಅಂತಲೂ ಸ್ಪಷ್ಟಪಡಿಸಿದರು.

ಕಾಗದದ ಮೇಲೆ ಸಮ. ಮಹಡಿ ಮೇಲಿನ ಸೆಂಟರುಗಳು ಮಾತ್ರ ಇನ್ನೂ ಇವೆ. ಯಾಕೆ? ನಿಜವಾದ ಕಾಲೇಜಿನ ಮನುಷ್ಯ ನಮ್ಮ ಹೋಬಳಿಯಲ್ಲಿ ಇಲ್ಲ. ಆ ಖಾಲಿ ಜಾಗದಲ್ಲಿ ಏಜೆಂಟ್ ಬಂದು ಕೂತ್ಕೊಳ್ತಾನೆ.

*2020: ಕಾಲೇಜೇ ಮನೆಗೆ ಬಂತು, ಮನೆ ಎಲ್ಲಿ?*

ಅಲ್ಲಿಯ ತನಕ ದೂರಶಿಕ್ಷಣ ಅನ್ನೋದು ಕಾಲೇಜಿಗೆ ಹೋಗೋಕಾಗದವರ ದಾರಿ. 2020ರ ಮಾರ್ಚ್ ಲಾಕ್‌ಡೌನ್ ಆದ್ಮೇಲೆ ಎಲ್ಲ ಕಾಲೇಜೂ ಆನ್‌ಲೈನ್. ತಯಾರಿ ಯಾರಿಗೂ ಇರಲಿಲ್ಲ. ಮೇಷ್ಟ್ರುಗಳು ಪಾಪ, ಗೋಡೆಗೆ ಬೋರ್ಡ್ ನೇತು ಹಾಕಿ ಮೊಬೈಲಿನಲ್ಲಿ ಪಾಠ ಮಾಡಿದರು.

ಕೇಂದ್ರ ಸರ್ಕಾರದ್ದೇ 2017-18ರ ರಾಷ್ಟ್ರೀಯ ಮಾದರಿ ಸಮೀಕ್ಷೆ ಹೇಳೋದು ನೋಡಿ. ಹಳ್ಳಿಗಳಲ್ಲಿ ಕಂಪ್ಯೂಟರ್ ಇದ್ದ ಮನೆ ಶೇ. 4.4, ಪಟ್ಟಣಗಳಲ್ಲಿ ಶೇ. 23.4. ಇಂಟರ್ನೆಟ್ ಸೌಲಭ್ಯ ಇದ್ದ ಮನೆ ಹಳ್ಳಿಯಲ್ಲಿ ಶೇ. 14.9, ಪಟ್ಟಣದಲ್ಲಿ ಶೇ. 42. ಈ ಅಂಕಿ ಸರ್ಕಾರದ ಕೈಲಿ ಇಟ್ಕೊಂಡೇ ಇಡೀ ದೇಶದ ತರಗತಿ ಫೋನಿಗೆ ಹೋಯಿತು.

ಹಾಸ್ಟೆಲ್ ಮುಚ್ಚಿದರು. ನಮ್ಮ ಮಕ್ಕಳಿಗೆ ಹಾಸ್ಟೆಲ್ ಅಂದ್ರೆ ಮೂರು ಹೊತ್ತು ಊಟ, ಓದೋಕೆ ಲೈಟು, ಕೂರೋಕೆ ಜಾಗ. ಅದನ್ನ ಕಿತ್ಕೊಂಡು ಒಂದು ಕೋಣೆಯ ಮನೆಗೆ ಕಳಿಸಿ, ‘ಕ್ಯಾಮೆರಾ ಆನ್ ಮಾಡಿ’ ಅಂದರು. ಹಿಂದುಗಡೆ ಅವ್ವ ಒಲೆ ಊದ್ತಿರ್ತಾಳೆ, ತಮ್ಮ ಮಲಗಿರ್ತಾನೆ, ಗೋಡೆಗೆ ಗಾರೆ ಇಲ್ಲ. ತರಗತಿಯಲ್ಲಿ ಜಾತಿ ಮುಚ್ಚಿಟ್ಟು ಹೆಂಗೋ ಓದ್ತಿದ್ದ ಮಕ್ಕಳ ಮನೆಯನ್ನ ಇಡೀ ಕ್ಲಾಸಿಗೆ ತೋರಿಸಿದ ಹಾಗಾಯ್ತು. ನಮ್ಮ ಕೇರಿಯ ಒಬ್ಬ ಹುಡುಗ ಕ್ಯಾಮೆರಾ ಹಾಕದೆ ಹಾಜರಾತಿ ಕಳ್ಕೊಂಡ. ಕಾರಣ ಕೇಳಿದ್ರೆ ‘ನೆಟ್‌ವರ್ಕ್ ಇಲ್ಲ’ ಅಂದಿದ್ದ. ನೆಟ್‌ವರ್ಕ್ ಇತ್ತು ಗೆಳೆಯರೇ.

ಮಲೆನಾಡಿನಲ್ಲಿ, ಕರಾವಳಿಯ ಒಳನಾಡಿನಲ್ಲಿ ಮಕ್ಕಳು ಮಳೆಯಲ್ಲಿ ಕೊಡೆ ಹಿಡ್ಕೊಂಡು ಗುಡ್ಡ ಹತ್ತಿ ಪಾಠ ಕೇಳಿದ್ದನ್ನ ಪತ್ರಿಕೆಗಳು ಫೋಟೋ ಹಾಕಿ ಹೊಗಳಿದವು. ಅದರಲ್ಲಿ ಹೊಗಳೋದು ಏನಿದೆ? ಅದು ಸಾಧನೆ ಅಲ್ಲ, ಸರ್ಕಾರದ ಸೋಲು. 2021ರಲ್ಲಿ ಸರ್ಕಾರಿ ಕಾಲೇಜು ಮಕ್ಕಳಿಗೆ ಟ್ಯಾಬ್ ಹಂಚಿದರು. ಅಷ್ಟು ಹೊತ್ತಿಗೆ ಒಂದು ಶೈಕ್ಷಣಿಕ ವರ್ಷ ಕಳೆದುಹೋಗಿತ್ತು, ಎಷ್ಟೋ ಮಕ್ಕಳು ಕೂಲಿಗೆ ಸೇರಿ ಆಗಿತ್ತು.

*ಕಾಲೇಜು ಅಂದ್ರೆ ಪಾಠ ಮಾತ್ರ ಅಲ್ಲ*

ಈಗ ನನಗೆ ಎಲ್ಲಕ್ಕಿಂತ ಹೆಚ್ಚು ಕಾಡೋ ವಿಷಯ.

1973ರ ಬೂಸಾ ಪ್ರಕರಣ ಹಿರಿಯರಿಗೆ ನೆನಪಿದೆ. ಮಂತ್ರಿಯಾಗಿದ್ದ ಬಿ. ಬಸವಲಿಂಗಪ್ಪನವರು ಮೈಸೂರಿನಲ್ಲಿ ಆಡಿದ ಮಾತಿಗೆ ರಾಜ್ಯ ಹೊತ್ತಿ ಉರಿಯಿತು. ಕಾಲೇಜುಗಳಲ್ಲಿ, ಹಾಸ್ಟೆಲ್‌ಗಳಲ್ಲಿ ದಲಿತ ವಿದ್ಯಾರ್ಥಿಗಳ ಮೇಲೆ ಹಲ್ಲೆ ಆಯಿತು. ಬಸವಲಿಂಗಪ್ಪನವರು ಮಂತ್ರಿ ಸ್ಥಾನ ಕಳ್ಕೊಂಡರು. ಆ ಏಟು ತಿಂದ ಹುಡುಗರೇ ಒಂದಾದರು. ಭದ್ರಾವತಿಯಲ್ಲಿ ಕಾಲೇಜು ಮೇಷ್ಟ್ರಾಗಿದ್ದ ಪ್ರೊ. ಬಿ. ಕೃಷ್ಣಪ್ಪನವರ ಮುಂದಾಳತ್ವದಲ್ಲಿ ದಲಿತ ಸಂಘರ್ಷ ಸಮಿತಿ ಬೆಳೆಯಿತು. ಕವಿ ಸಿದ್ಧಲಿಂಗಯ್ಯನವರು ಬೆಂಗಳೂರಿನ ಗೋಪಾಲಸ್ವಾಮಿ ಅಯ್ಯರ್ ಹಾಸ್ಟೆಲ್‌ನಲ್ಲಿ ಇದ್ದುಕೊಂಡು ಓದಿದವರು.

ಮೇಷ್ಟ್ರು, ಹಾಸ್ಟೆಲ್ಲು, ಕ್ಯಾಂಟೀನು, ಲೈಬ್ರರಿ. ನಮ್ಮ ಚಳವಳಿ ಹುಟ್ಟಿದ್ದು ಅಲ್ಲಿ. ‘ಶಿಕ್ಷಣ, ಸಂಘಟನೆ, ಹೋರಾಟ’ ಅಂತ ನಾವು ಗೋಡೆಗೋಡೆಗೂ ಬರೀತೀವಿ. ನಡುವಿನ ಆ ಸಂಘಟನೆಗೆ ನಾಲ್ಕು ಜನ ಸೇರೋ ಜಾಗ ಬೇಕು. ಎಲ್ಲರೂ ಅವರವರ ಮನೇಲಿ, ಅವರವರ ಫೋನಿನಲ್ಲಿ ಒಂಟಿಯಾಗಿ ಡಿಗ್ರಿ ಮಾಡಿದ್ರೆ ಮುಂದಿನ ಕೃಷ್ಣಪ್ಪನವರು ಯಾವ ಹುಡುಗರನ್ನ ಒಟ್ಟು ಮಾಡ್ತಾರೆ?

ಇನ್ನೊಂದು ಅಪಾಯ. 2021ರಲ್ಲಿ ಯುಜಿಸಿ, ಮಾಮೂಲಿ ಕೋರ್ಸುಗಳಲ್ಲೂ ಶೇ. 40ರಷ್ಟು ಪಾಠ ಆನ್‌ಲೈನ್ ಮಾಡಬಹುದು ಅನ್ನೋ ಕರಡು ತಂದಿತು. ಇದನ್ನ ನೆಪ ಮಾಡ್ಕೊಂಡು ಕಾಲೇಜುಗಳು ಉಪನ್ಯಾಸಕರ ನೇಮಕ ನಿಲ್ಲಿಸಿದ್ರೆ? ಹುದ್ದೆ ಇಲ್ಲ ಅಂದ್ಮೇಲೆ ಮೀಸಲಾತಿ ಎಲ್ಲಿರುತ್ತೆ? ಕಟ್ಟಡ, ಹಾಸ್ಟೆಲ್ಲು, ಮೇಷ್ಟ್ರು ಉಳ್ಳವರ ಮಕ್ಕಳಿಗೆ, ವಿಡಿಯೋ ನಮ್ಮ ಮಕ್ಕಳಿಗೆ ಅಂತ ಆಗಬಾರದು. ಒಂದೇ ಊರಲ್ಲಿ ಎರಡು ಬಾವಿ ನೋಡಿದವರು ನಾವು. ಎರಡು ಥರದ ಕಾಲೇಜು ಬಂದ್ರೆ ಗುರುತು ಹಿಡಿಯೋಕೆ ನಮಗೆ ಕಷ್ಟ ಇಲ್ಲ.

ಹಾಗಂತ ಆನ್‌ಲೈನ್ ಬೇಡವೇ ಬೇಡ ಅಂತ ನಾನು ಹೇಳಲ್ಲ. ಗಾರ್ಮೆಂಟ್ಸ್ ಹುಡುಗಿಗೆ, ಪೌರಕಾರ್ಮಿಕ ಅಣ್ಣನಿಗೆ, ಮದುವೆ ಆಗಿ ಓದು ನಿಂತ ಅಕ್ಕನಿಗೆ ಅದು ಬಾಗಿಲೇ. ಬಾಗಿಲನ್ನ ಮುಚ್ಚೋದು ಬೇಡ, ಒಳಗೆ ಮನುಷ್ಯರನ್ನ ಕೂರಿಸಿ ಅಂತ ಕೇಳೋಣ.

*ಕಾಲೇಜುಗಳ ಮುಂದೆ ನಾವು ಇಡಬೇಕಾದ ಬೇಡಿಕೆ*

1. ಹೋಬಳಿಗೊಂದು ಕಲಿಕೆಯ ಜಾಗ ಕೊಡಿ. ಹೊಸ ಕಟ್ಟಡ ಬೇಕಿಲ್ಲ. ಊರೂರಲ್ಲಿ ಅಂಬೇಡ್ಕರ್ ಭವನಗಳಿವೆ, ಎಷ್ಟೋ ಕಡೆ ಮದುವೆ ದಿನ ಬಿಟ್ರೆ ಬೀಗ. ಗ್ರಾಮ ಪಂಚಾಯಿತಿಯ ‘ಅರಿವು ಕೇಂದ್ರ’ಗಳಿವೆ. ಅಲ್ಲಿ ನಾಲ್ಕು ಕಂಪ್ಯೂಟರ್, ವೈಫೈ, ರಾತ್ರಿ ಹತ್ತರ ತನಕ ಲೈಟು ಕೊಡಿ.

2. ಇಷ್ಟು ವಿದ್ಯಾರ್ಥಿಗಳಿಗೆ ಒಬ್ಬರು ಅಂತ, ಹೆಸರು ಮತ್ತು ಫೋನ್ ನಂಬರ್ ಇರೋ ಮೇಷ್ಟ್ರನ್ನ ಕೊಡಿ. ಎರಡು ವಾರ ಪಾಠ ನೋಡದಿದ್ರೆ ಆ ಮೇಷ್ಟ್ರೇ ಫೋನ್ ಮಾಡಿ ಕೇಳಬೇಕು.

3. ತಿಂಗಳಿಗೊಂದು ಭಾನುವಾರವಾದ್ರೂ ಮುಖಾಮುಖಿ ತರಗತಿ ಇರಲಿ.

4. ಪಾಠ ಕನ್ನಡದಲ್ಲಿರಲಿ. ಅಚ್ಚಾದ ಪುಸ್ತಕವೂ ಬರಲಿ. ವಿಡಿಯೋ ಜೊತೆಗೆ ಡೌನ್‌ಲೋಡ್ ಮಾಡ್ಕೊಂಡು ಆಮೇಲೆ ಕೇಳೋ ಆಡಿಯೋ ಇರಲಿ.

5. ಕ್ಯಾಮೆರಾ ಕಡ್ಡಾಯ ಬೇಡ.

6. 2010ರಲ್ಲಿ ಪರಿಷ್ಕರಿಸಿದ ಪೋಸ್ಟ್ ಮೆಟ್ರಿಕ್ ವಿದ್ಯಾರ್ಥಿವೇತನ ನಿಯಮದಲ್ಲಿ ಅಂಚೆ ಶಿಕ್ಷಣದ ಪರಿಶಿಷ್ಟ ಜಾತಿ ವಿದ್ಯಾರ್ಥಿಗಳಿಗೆ ಶುಲ್ಕದ ಜೊತೆ ಪುಸ್ತಕಕ್ಕೆ ವರ್ಷಕ್ಕೆ 1200 ರೂಪಾಯಿ ಅಂತ ಇತ್ತು. ಪುಸ್ತಕಕ್ಕೆ ಕೊಡಬೇಕು ಅಂತ ಆಗ ಹೊಳೆದಿದ್ದು, ಫೋನಿಗೆ, ಡೇಟಾಕ್ಕೆ ಕೊಡಬೇಕು ಅಂತ ಈಗ ಯಾಕೆ ಹೊಳೆಯಬಾರದು?

7. ಎಷ್ಟು ಜನ ಎಸ್‌ಸಿ, ಎಸ್‌ಟಿ ವಿದ್ಯಾರ್ಥಿಗಳು ಸೇರಿದ್ರು, ಎಷ್ಟು ಜನ ಮುಗಿಸಿದ್ರು ಅಂತ ಪ್ರತಿ ವರ್ಷ ಪ್ರಕಟಿಸಿ. ಸೇರಿಸ್ಕೊಂಡ ಲೆಕ್ಕ ಎಲ್ಲರೂ ಕೊಡ್ತಾರೆ, ನಡುವೆ ಬಿಟ್ಟು ಹೋದವರ ಲೆಕ್ಕ ಯಾರೂ ಕೊಡಲ್ಲ.

*ಸೇರೋ ಮುಂಚೆ ನಮ್ಮ ಮಕ್ಕಳು ನೋಡಬೇಕಾದ್ದು*

ಯುಜಿಸಿಯ ದೂರಶಿಕ್ಷಣ ಬ್ಯೂರೋ ವೆಬ್‌ಸೈಟಿನಲ್ಲಿ ಆ ವಿಶ್ವವಿದ್ಯಾಲಯ, ಆ ಕೋರ್ಸು, ಆ ವರ್ಷ, ಮೂರೂ ಇದೆಯಾ ನೋಡಿ. ಬರೀ ವಿಶ್ವವಿದ್ಯಾಲಯದ ಹೆಸರಿದ್ರೆ ಸಾಲದು. 2024ರಿಂದ ಆನ್‌ಲೈನ್ ಮತ್ತು ದೂರಶಿಕ್ಷಣಕ್ಕೆ ‘ಡಿಇಬಿ ಐಡಿ’ ಕಡ್ಡಾಯ. ಅದನ್ನ ನಿಮ್ಮದೇ ಫೋನ್ ನಂಬರಿನಿಂದ ನೀವೇ ಮಾಡ್ಕೊಳ್ಳಿ, ಏಜೆಂಟ್ ಕೈಗೆ ಕೊಡಬೇಡಿ. ಫೀಸು ವಿಶ್ವವಿದ್ಯಾಲಯದ ಖಾತೆಗೇ ಕಟ್ಟಿ, ರಸೀದಿ ಇಟ್ಕೊಳ್ಳಿ. ಕಂತು ಅಂತ ಹೇಳಿ ಸಾಲದ ಪತ್ರಕ್ಕೆ ಸಹಿ ಹಾಕಿಸ್ಕೊಳ್ತಾರೆ, ಓದದೆ ಸಹಿ ಹಾಕಬೇಡಿ. ಪರೀಕ್ಷೆ ಎಲ್ಲಿ, ಹೆಂಗೆ ಅಂತ ಮೊದಲೇ ಕೇಳಿ.

ಈ ವಾರ ಅವಳು ಮತ್ತೆ ಬಂದಳು. ಆ ಜಾಹೀರಾತಿನ ಕೋರ್ಸನ್ನ ಇಬ್ಬರೂ ಕೂತು ಪಟ್ಟಿಯಲ್ಲಿ ಹುಡುಕಿದ್ವಿ. ಸಿಗಲಿಲ್ಲ. ಅವಳ ಮುಖ ಬಾಡಿತು. ಆಮೇಲೆ ಮಾನ್ಯತೆ ಇರೋ ಬೇರೆ ಎರಡು ಕಡೆಯ ಕೋರ್ಸು ತೋರಿಸಿದೆ, ಫೀಸು ಅದಕ್ಕಿಂತ ಕಡಿಮೆ.

“ಅರ್ಥ ಆಗದಿದ್ರೆ ಯಾರನ್ನ ಕೇಳ್ಲಿ ಮಾಮ?” ಅಂದಳು.

ಭಾನುವಾರ ಸಂಘದ ಕೋಣೆ ಬಾಗಿಲು ತೆಗೀತೀನಿ ಬಾ ಅಂದೆ. ನನಗೆ ಇತಿಹಾಸ, ಕನ್ನಡ ಗೊತ್ತು. ಅರ್ಥಶಾಸ್ತ್ರ ಇವತ್ತಿಗೂ ಅಷ್ಟಕ್ಕಷ್ಟೇ. ನನಗೆ ಹೇಳಿಕೊಟ್ಟ ಅಣ್ಣ ಈಗ ಇಲ್ಲ. ನಮ್ಮ ಕಡೆ ಬಂದು ಭಾನುವಾರ ಎರಡು ಗಂಟೆ ಅರ್ಥಶಾಸ್ತ್ರ, ಇಂಗ್ಲಿಷ್ ಹೇಳಿಕೊಡೋ ಗೆಳೆಯರು ಯಾರಾದ್ರೂ ಇದ್ರೆ ಕಾಮೆಂಟಿನಲ್ಲಿ ತಿಳಿಸಿ. ನಿಮ್ಮ ನಿಮ್ಮ ಊರಿನಲ್ಲೂ ಭವನದ ಬೀಗ ಯಾರ ಹತ್ರ ಇದೆ ಅಂತ ಇವತ್ತೇ ವಿಚಾರಿಸಿ.

ಜೈ ಭೀಮ್.